ಹಗ್ಗ ಮುಟ್ಟಿದವರ ಪಾಲು

ನನಗೆ ಬಂದಿರುವ ನೋಟಿಸಿನಲ್ಲಿ ಐದು ಪ್ರಶ್ನೆಗಳಿವೆ. ಉತ್ತರ ಒಂದು ಪುಟ ಮೀರಬಾರದಂತೆ. ಒಂದು ಪುಟ ಟೈಪ್ ಮಾಡಿ ಕಳಿಸಿದ್ದೇನೆ. ಅದರಲ್ಲಿ ಹಿಡಿಯದೆ ಉಳಿದದ್ದು ಇಲ್ಲಿದೆ. ಓದುವವರು ಓದಲಿ, ಬಿಡುವವರು ಬಿಡಲಿ. ಮಾಡಿದ್ದನ್ನು ಮಾಡಿಲ್ಲ ಎಂದು ನಾನು ಹೇಳುವುದಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ.

ನನ್ನ ಹೆಸರು ವಾರಿಜಾ. ಕುಂದಾಪುರಕ್ಕೂ ಬೈಂದೂರಿಗೂ ನಡುವೆ, ಕಡಲಿಗೆ ಮುಖ ಮಾಡಿಕೊಂಡಿರುವ ಕೋಡಿಪಡು ನನ್ನ ಊರು. ಊರಿನ ಬಡಗು ತುದಿಯಲ್ಲಿ ತಂತಿಬೇಲಿಯೊಳಗೆ ಕ್ಷಿಪಣಿ ಕಾವಲು ಕೇಂದ್ರ ಬಂದು ಆರು ವರ್ಷವಾಯಿತು. ಜಾಗ ಕೊಟ್ಟ ಊರಿನವರಿಗೂ ಕೆಲಸ ಕೊಡಬೇಕು ಎಂಬ ಮಾತಿನಂತೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದ ನನ್ನನ್ನು ರಡಾರ್ ಆಪರೇಟರ್ ಎಂದು ತೆಗೆದುಕೊಂಡರು. ತೆಗೆದುಕೊಳ್ಳುವಾಗ ನಾನು ಮೀನುಗಾರ ಮೊಗವೀರರ ಹುಡುಗಿ ಎಂಬುದು ಅವರಿಗೆ ಗೊತ್ತಿತ್ತು. ಅದರ ಅರ್ಥವೇನು ಎಂಬುದು ಗೊತ್ತಿರಲಿಲ್ಲ.

ನಮ್ಮ ಕೇಂದ್ರದ ಜೀವ ಇರುವುದು ಒಂದು ಬಲೂನಿನಲ್ಲಿ. ಐವತ್ತು ಮೀಟರ್ ಉದ್ದ, ಒಳಗೆ ಹೀಲಿಯಂ, ಹೊಟ್ಟೆಯ ಕೆಳಗೆ ರಡಾರ್. ಮೂರು ಕಿಲೋಮೀಟರ್ ಎತ್ತರದಲ್ಲಿ ಹಗಲಿರುಳೂ ನಿಂತಿರುತ್ತದೆ. ಅದನ್ನು ನೆಲಕ್ಕೆ ಕಟ್ಟಿರುವುದು ಹೆಬ್ಬೆರಳು ದಪ್ಪದ ಒಂದು ಹಗ್ಗ. ಮೇಲಕ್ಕೆ ಕರೆಂಟು ಹೋಗುವುದೂ ಅದರೊಳಗೇ, ಕೆಳಕ್ಕೆ ಮಾಹಿತಿ ಬರುವುದೂ ಅದರೊಳಗೇ.

ಇಷ್ಟು ಎತ್ತರಕ್ಕೆ ಏಕೆ ಎಂದು ಊರಿನವರು ಕೇಳುತ್ತಿದ್ದರು. ನೆಲದ ಮೇಲಿನ ರಡಾರಿಗೆ ಕಡಲು ಮೂವತ್ತು ಕಿಲೋಮೀಟರಿಗೇ ಮುಗಿಯುತ್ತದೆ, ಆಚೆಗೆ ಭೂಮಿ ಬಾಗಿದೆ. ಈಗಿನ ಕ್ಷಿಪಣಿಗಳು ನೀರಿಗೆ ತಾಗಿದಂತೆ, ನಿಮಿಷಕ್ಕೆ ಹದಿನೈದು ಕಿಲೋಮೀಟರಿನ ವೇಗದಲ್ಲಿ ಬರುತ್ತವೆ. ನೆಲದ ರಡಾರ್ ಕಂಡು ಕೂಗುವಷ್ಟರಲ್ಲಿ ಉಳಿಯುವುದು ಎರಡು ನಿಮಿಷ. ಮೂರು ಕಿಲೋಮೀಟರ್ ಮೇಲಿಂದ ನೋಡಿದರೆ ಇನ್ನೂರಿಪ್ಪತ್ತೈದು ಕಿಲೋಮೀಟರ್ ಕಡಲು ಕಾಣುತ್ತದೆ, ಹದಿನೈದು ನಿಮಿಷ ಸಿಗುತ್ತದೆ. ಹದಿನೈದು ನಿಮಿಷದಲ್ಲಿ ಒಂದು ಬಂದರಿನ ಜನರನ್ನು ನೆಲಮಾಳಿಗೆಗೆ ಇಳಿಸಬಹುದು. ಆ ಬಲೂನು ಬೇಕು ಎಂಬುದರಲ್ಲಿ ನನಗೆ ಅಂದೂ ಅನುಮಾನ ಇರಲಿಲ್ಲ, ಇಂದೂ ಇಲ್ಲ.

ಆದರೆ ಅಷ್ಟು ಮೇಲಿಂದ ನೋಡಿದರೆ ಎಲ್ಲವೂ ಕಾಣುತ್ತದೆ. ಅಲೆ, ಕಡಲಹಕ್ಕಿ, ತೇಲುವ ಡ್ರಮ್ಮು, ದೋಣಿ. ಇಷ್ಟನ್ನೂ ಪರದೆಗೆ ತಂದರೆ ಕ್ಷಿಪಣಿ ಯಾವುದು ಎಂದು ಹುಡುಕುವುದರೊಳಗೆ ಕಥೆ ಮುಗಿದಿರುತ್ತದೆ. ಅದಕ್ಕಾಗಿ ಗಂಟೆಗೆ ನೂರೈವತ್ತು ಕಿಲೋಮೀಟರಿಗಿಂತ ನಿಧಾನವಾಗಿ ಹೋಗುವುದನ್ನೆಲ್ಲ ಕಂಪ್ಯೂಟರು ಮೊದಲೇ ಎಸೆದುಬಿಡುತ್ತದೆ. ಈ ಏರ್ಪಾಟನ್ನು ನಾವು ಜರಡಿ ಎನ್ನುತ್ತೇವೆ. ಎಸೆದದ್ದಕ್ಕೆ ನಮ್ಮ ಕೈಪಿಡಿಯಲ್ಲಿ ಕಸ ಎಂದು ಹೆಸರು. ಕಸವನ್ನು ಪರೀಕ್ಷೆಗೆಂದು ಮೂವತ್ತು ದಿನ ಕೂಡಿಟ್ಟು ಆಮೇಲೆ ಅಳಿಸುತ್ತೇವೆ. ಜರಡಿ ನೋಡಿಕೊಳ್ಳುವುದು ನನ್ನ ಕೆಲಸ.

ಊರು ಬಲೂನಿಗೆ ಬೇಗ ಒಗ್ಗಿಕೊಂಡಿತು. ನಮ್ಮವರು ಅದಕ್ಕೆ ಬಂಗುಡೆ ಎಂದು ಹೆಸರಿಟ್ಟರು, ಮೀನಿನಂತೆ ಬಾಲವೂ ರೆಕ್ಕೆಯೂ ಇತ್ತಲ್ಲ. ಗಾಳಿ ಬರುವ ಕಡೆಗೆ ಮೂತಿ ತಿರುಗಿಸುತ್ತಿದ್ದುದರಿಂದ ಮೇಲಿನ ಗಾಳಿ ಯಾವ ಕಡೆಯದು ಎಂದು ಕಂಡುಕೊಂಡೇ ದೋಣಿ ಇಳಿಸತೊಡಗಿದರು. ಯಾರ ಮನೆಯ ಸಾರಿಗೆ ಇವತ್ತು ಯಾವ ಮೀನು ಬಿದ್ದಿದೆ ಎಂದು ವಾರಿಜಾಗೆ ಮೇಲಿಂದ ಕಾಣುತ್ತದೆ ಎಂದು ನನ್ನನ್ನು ಕಾಡಿಸುತ್ತಿದ್ದರು. ನಾನೂ ನಗುತ್ತಿದ್ದೆ.

ಇನ್ನೊಂದು ವಿಷಯ ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಊರಿನಲ್ಲಿ ಇನ್ನೂ ಕೈರಂಪಣಿ ಉಳಿದಿದೆ. ದೋಣಿಯೊಂದು ಬಲೆಯನ್ನು ಕಡಲಿನಲ್ಲಿ ಅರ್ಧಚಂದ್ರದಂತೆ ಬಿಟ್ಟುಬರುತ್ತದೆ. ಬಲೆಯ ಎರಡು ತುದಿಯ ಹಗ್ಗಗಳು ದಡದಲ್ಲಿರುತ್ತವೆ, ತೆಂಕು ಹಗ್ಗ ಮತ್ತು ಬಡಗು ಹಗ್ಗ. ಊರಿಗೆ ಊರೇ ಎರಡು ಸಾಲಾಗಿ ನಿಂತು ಎಳೆಯುತ್ತದೆ. ಅಲ್ಲಿ ಒಂದು ಕಟ್ಟಳೆ ಇದೆ: ಹಗ್ಗ ಮುಟ್ಟಿದವರಿಗೆಲ್ಲ ಪಾಲು. ದಾರಿಯಲ್ಲಿ ಹೋಗುತ್ತಿದ್ದ ಪೋಸ್ಟ್‌ಮ್ಯಾನ್ ನಾಲ್ಕು ಹೆಜ್ಜೆ ಎಳೆದರೆ ಅವನಿಗೂ ಪಾಲು. ಐದು ವರ್ಷದವಳಿದ್ದಾಗ ನಾನು ಹಗ್ಗದ ಕೊನೆಯನ್ನು ಎರಡು ಬೆರಳಲ್ಲಿ ಹಿಡಿದು ನಿಂತಿದ್ದಕ್ಕೆ ಎರಡು ಬಂಗುಡೆ ಸಿಕ್ಕಿತ್ತು. ಎಳೆಯುವ ಮೊದಲು ಯಾರೂ ಪಾಲಿನ ಮಾತು ಆಡುವುದಿಲ್ಲ. ಆಡಿದರೆ ಅದು ಅವಮಾನ. ಎಳೆದ ಮೇಲೆ ಕೊಡದಿದ್ದರೆ ಮಾತ್ರ ಅದಕ್ಕಿಂತ ದೊಡ್ಡ ಅವಮಾನ.

ಈಗ ಅಪ್ಪನ ವಿಷಯ.

ನನ್ನ ಅಪ್ಪ ಚಂದಯ್ಯ ಹೋದ ವರ್ಷ ಸೆಪ್ಟೆಂಬರಿನಲ್ಲಿ ಜೊತೆಗಾರ ಐತನೊಂದಿಗೆ ನಾಡದೋಣಿಯಲ್ಲಿ ಹೋದವರು ಸಂಜೆಗೆ ಬರಲಿಲ್ಲ. ಎಂಜಿನ್ ನಿಂತುಹೋಗಿರಬೇಕು ಎಂದು ಆಮೇಲೆ ಊಹಿಸಿದರು. ಆ ದಿನಗಳಲ್ಲಿ ನೀರಿನ ಸೆಳೆತ ತೆಂಕಕ್ಕೆ ಇರುತ್ತದೆ ಎಂದು ಹುಡುಕುವವರು ತೆಂಕಕ್ಕೇ ಹುಡುಕಿದರು. ಮೂರು ದಿನ ಹುಡುಕಿದರು. ನಾಲ್ಕನೆಯ ದಿನ ದೋಣಿ ಬಡಗಿನಲ್ಲಿ, ಭಟ್ಕಳಕ್ಕಿಂತಲೂ ತುಂಬ ಆಚೆ ಮಗುಚಿದ ಸ್ಥಿತಿಯಲ್ಲಿ ಸಿಕ್ಕಿತು. ಇಬ್ಬರೂ ಸಿಗಲಿಲ್ಲ.

ಹದಿಮೂರನೆಯ ದಿನದ ಕೆಲಸವೆಲ್ಲ ಮುಗಿಸಿ ಡ್ಯೂಟಿಗೆ ಹೋದವಳು ಕಸದ ಕಡತ ತೆರೆದೆ. ಯಾರೂ ಹೇಳಿರಲಿಲ್ಲ, ಕೈ ತಾನಾಗಿ ಹೋಯಿತು. ಅಪ್ಪ ಹೋದ ದಿನದಿಂದ ನೋಡುತ್ತಾ ಬಂದೆ. ನಮ್ಮ ದಡದಿಂದ ಮೂವತ್ತೆಂಟು ಕಿಲೋಮೀಟರ್ ದೂರದಲ್ಲಿ ಒಂದು ಚುಕ್ಕೆ. ಬೇರೆ ದೋಣಿಗಳೆಲ್ಲ ಸಂಜೆ ದಡಕ್ಕೆ ತಿರುಗಿದಾಗ ಅದು ತಿರುಗಲಿಲ್ಲ. ಗಂಟೆಗೆ ಒಂದೂವರೆ ಕಿಲೋಮೀಟರಿನಂತೆ ಬಡಗಿಗೆ ಸರಿಯುತ್ತಿತ್ತು. ಒಂದು ಹಗಲು, ಎರಡು ಹಗಲು, ಮೂರು ಹಗಲು. ನಮ್ಮ ರಡಾರ್ ನಿಮಿಷಕ್ಕೆ ಆರು ಸಲ ಅದನ್ನು ನೋಡಿ ಆರು ಸಲವೂ ಎಸೆದಿತ್ತು. ಆ ಮೂರು ಹಗಲುಗಳಲ್ಲಿ ಎರಡು ಹಗಲು ಪರದೆಯ ಮುಂದೆ ಕುಳಿತಿದ್ದವಳು ನಾನು. ಪರದೆ ಸ್ವಚ್ಛವಾಗಿತ್ತು. ಎಲ್ಲವೂ ಸರಿಯಿದೆ ಎಂದು ಬರೆದು ಸಹಿ ಹಾಕಿದ್ದೆ.

ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಹೇಳದೆ ಇರಬಹುದಿತ್ತು ಎಂದು ಆಮೇಲೆ ಕೆಲವರು ಅಂದರು. ನನ್ನಿಂದ ಆಗಲಿಲ್ಲ. ಅಮ್ಮನ ಹೆಸರು ಬಚ್ಚಿ. ಅಂಗಳದಲ್ಲಿ ಕುಳಿತು ಮೀನು ಕೊಯ್ಯುತ್ತಿದ್ದಳು, ಕತ್ತಿ ನಿಲ್ಲಿಸಿ ಕೇಳಿದಳು:

"ಮೂರ್ ದಿನ ನಿನ್ ಎದ್ರಿಗೇ ಇದ್ದಿದ್ರಾ?"

ಹೌದು ಎಂದೆ.

"ಕಸ ಅಂದ್ಹೇಳಿ ಬಿಸಾಡದ್ದಾ?"

ಅದಕ್ಕೂ ಹೌದು ಎಂದೆ. ಅಮ್ಮ ಮತ್ತೆ ಮೀನು ಕೊಯ್ಯತೊಡಗಿದಳು. ಹನ್ನೊಂದು ದಿನ ನನ್ನ ಜೊತೆ ಮಾತಾಡಲಿಲ್ಲ. ಊಟ ಬಡಿಸುತ್ತಿದ್ದಳು, ನನ್ನ ಸಮವಸ್ತ್ರ ಒಗೆದು ಹಾಕುತ್ತಿದ್ದಳು, ಮಾತು ಮಾತ್ರ ಇಲ್ಲ. ಬೈದಿದ್ದರೆ ಸುಖವಾಗಿತ್ತು.

ನಮ್ಮ ಕೇಂದ್ರದ ಮುಖ್ಯಸ್ಥರು ಕಮಾಂಡರ್ ಬೆಳ್ಳಿಯಪ್ಪ, ಕೊಡಗಿನವರು. ಕೆಟ್ಟ ಮನುಷ್ಯರಲ್ಲ. ನಾನು ಅವರ ಮುಂದೆ ಲೆಕ್ಕ ಬಿಡಿಸಿ ಇಟ್ಟೆ. ಜರಡಿ ಎಸೆಯುವುದನ್ನು ಬೇರೆ ದಾರಿಗೆ ತಿರುಗಿಸಿ, ದಡದ ಬಲೆಮನೆಯಲ್ಲಿ ಒಂದು ಟಿವಿಗೆ ತೋರಿಸಬಹುದು. ಒಂದೇ ತಂತಿ, ಇಂಟರ್ನೆಟ್ ಇಲ್ಲ. ಅರವತ್ತು ಕಿಲೋಮೀಟರಿನೊಳಗಿನ ದೋಣಿಗಳು ಮಾತ್ರ. ಕ್ಷಿಪಣಿಯ ಪರದೆಗೆ ಇದರಿಂದ ಒಂದು ಸೆಕೆಂಡೂ ತಡವಾಗುವುದಿಲ್ಲ, ನಾನು ಬಳಸದೆ ಇಟ್ಟಿದ್ದ ಇನ್ನೊಂದು ಕಂಪ್ಯೂಟರಿನಲ್ಲಿ ನಲವತ್ತು ಸಲ ಪರೀಕ್ಷಿಸಿದ್ದೆ. ಅದಕ್ಕಾಗಿ ಕಂಪ್ಯೂಟರಿನಲ್ಲಿ ಬರೆಯಬೇಕಾದದ್ದು ಹನ್ನೊಂದು ಸಾಲು. ಅವರು ಕೇಳಿದರು, ತಲೆಯಾಡಿಸಿದರು, ಮೇಲಿನವರಿಗೆ ಬರೆದರು. ಮೂರು ಸಲ ಬರೆದರು. ಮೂರನೆಯ ಸಲ ಬಂದ ಉತ್ತರದಲ್ಲಿ, ಈ ವ್ಯವಸ್ಥೆ ಇರುವುದು ಕ್ಷಿಪಣಿಗಾಗಿಯೇ ಹೊರತು ಮೀನುಗಾರಿಕೆಗಾಗಿ ಅಲ್ಲ ಎಂದಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಮೀನು ಹುಡುಕಿಕೊಡಿ ಎಂದು ಯಾರು ಕೇಳಿದ್ದರು? ಮನುಷ್ಯರನ್ನು ಎಸೆಯಬೇಡಿ ಎಂದಷ್ಟೇ ಕೇಳಿದ್ದು.

ಒಂದು ವರ್ಷ ಹೀಗೇ ಹೋಯಿತು. ಆಮೇಲೆ ಈ ಅಕ್ಟೋಬರ್, ಚಿತ್ತಾ ಮಳೆ.

ಮಧ್ಯಾಹ್ನ ಒಂದೂವರೆಗೆ ಕಡಲಿನಿಂದ ಗಾಳಿಮಳೆ ಒಮ್ಮೆಲೇ ನುಗ್ಗಿತು. ಕೇಂದ್ರಕ್ಕೆ ಸಿಡಿಲು ಬಡಿದು, ಬಲೂನಿನ ಹಗ್ಗವನ್ನು ಸುತ್ತಿ ಇಳಿಸುವ ವಿಂಚಿನ ಮೋಟಾರು ಸುಟ್ಟು ಕರಕಲಾಯಿತು. ಜನರೇಟರ್ ಇತ್ತು, ತಿರುಗಿಸಲು ಮೋಟಾರೇ ಇರಲಿಲ್ಲ. ಬೇರೆ ಮೋಟಾರು ಬರಲು ಎರಡು ದಿನ. ಇಪ್ಪತ್ತು ನಿಮಿಷದಲ್ಲಿ ಮಳೆ ದಾಟಿಹೋಯಿತು, ಆದರೆ ಇದಕ್ಕಿಂತ ದೊಡ್ಡದು ಸಂಜೆ ಆರಕ್ಕೆ ಬರುತ್ತದೆ ಎಂದು ಹವಾಮಾನದವರು ಹೇಳಿದರು. ಆರರ ಗಾಳಿಗೆ ಬಲೂನು ಮೇಲಿದ್ದರೆ ಹಗ್ಗ ತಾನಾಗಿ ಕಡಿಯುತ್ತದೆ. ಹಾಗಾಗುವ ಮೊದಲು ನಾವೇ ಕತ್ತರಿಸಿ, ಬಲೂನಿನ ಹೊಟ್ಟೆಯೊಳಗಿನ ಬ್ಲೇಡಿನಿಂದ ಅದನ್ನು ಸೀಳಿ ಕಡಲಿಗೆ ಬೀಳಿಸಬೇಕು. ಅದು ನಿಯಮ. ಹೊಸ ಬಲೂನು ಬರುವವರೆಗೆ ನಾಲ್ಕು ತಿಂಗಳು ಈ ದಡಕ್ಕೆಲ್ಲ ಎರಡೇ ನಿಮಿಷ.

ಇಪ್ಪತ್ತೆರಡು ಮಂದಿ ಸಿಬ್ಬಂದಿ ಕೈಯಿಂದಲೇ ಎಳೆದು ನೋಡಿದರು. ಒಂದು, ಎರಡು, ಮೂರು ಎಂದು ಎಣಿಸಿ ಒಟ್ಟಿಗೆ ಜಗ್ಗಿದರು. ಅಂಗೈ ಸುಲಿದುಹೋದದ್ದೇ ಲಾಭ. ಅರ್ಧ ಗಂಟೆಯಲ್ಲಿ ಬಂದದ್ದು ನಲವತ್ತು ಮೀಟರ್, ಒಂದು ಗಾಳಿಯ ಹೊಡೆತಕ್ಕೆ ಅದೂ ವಾಪಸ್ಸು ಹೋಯಿತು. ಕಮಾಂಡರ್ ಕತ್ತರಿಸುವ ಕೀಲಿಯನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಇಟ್ಟರು.

ಕಿಟಕಿಯಿಂದ ನೋಡಿದರೆ ದಡದಲ್ಲಿ ನಮ್ಮ ಕೈರಂಪಣಿಯವರು ಮಳೆಗೆ ತೊಯ್ದ ಬಲೆಯನ್ನು ಹರಡುತ್ತಿದ್ದರು. ಅರ್ಧ ಗಂಟೆ ಸಮಯ ಕೊಡಿ ಎಂದು ಕೇಳಿ ನಾನು ಓಡಿದೆ.

ಅಪ್ಪ ಹೋದ ಮೇಲೆ ಬಡಗು ಹಗ್ಗಕ್ಕೆ ಅಮ್ಮನೇ ಮುಂದಾಳು. ವಿಷಯ ಹೇಳಿದೆ. ಒಬ್ಬರೂ ಅಲುಗಲಿಲ್ಲ. ಐತನ ಅಣ್ಣ ಮಂಜಯ್ಯ, ಅದು ಹಾಳಾಗಿ ಹೋಗಲಿ, ನಮ್ಮವರು ಹೋದಾಗ ಅದು ಮೇಲಿಂದ ಕಣ್ಣುಬಿಟ್ಟು ನೋಡಿದ್ದಲ್ಲವಾ ಎಂದ. ಅವನು ಹೇಳಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲ.

ಅಮ್ಮ ತಲೆ ಎತ್ತಿ ಬಲೂನನ್ನು ತುಂಬ ಹೊತ್ತು ನೋಡಿದಳು. ಮೂತಿ ಪಡುವಣಕ್ಕೆ ತಿರುಗಿ ಬಾಲ ಒದ್ದಾಡುತ್ತಿತ್ತು. ಆಮೇಲೆ ಹೇಳಿದಳು:

"ಬಿಟ್ರೆ ಎಂತ ಆತ್ತ್? ನಾಳೆ ಇನ್ನೊಂದ್ ತತ್ರ್. ಅದೂ ಕುರ್ಡೇ. ಇದನ್ನ ಎಳ್ದ್ ಕೂರ್ಸಿ, ನಮ್ಮನ್ನ ಕಾಂಬುಕ್ ಕಲ್ಸ್ಕ್."

ಹೊಸದು ತಂದರೂ ಅದೂ ಕುರುಡೇ, ಇದಕ್ಕೇ ನಮ್ಮನ್ನು ಕಾಣಲು ಕಲಿಸಬೇಕು ಎಂಬುದು ಅವಳ ಲೆಕ್ಕ. ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಅವಳು ಬೇಲಿಯ ಕಡೆ ನಡೆದಳು. ಉಳಿದವರು ಒಬ್ಬೊಬ್ಬರಾಗಿ ಹಿಂದೆ ಬಂದರು. ಮಂಜಯ್ಯ ಕೊನೆಗೆ ಬಂದ, ಬೈಯುತ್ತಲೇ ಬಂದ.

ಬಲೂನಿನ ಹಗ್ಗ ನುಣುಪು, ಕೈಗೆ ನಿಲ್ಲುವುದಿಲ್ಲ. ನಮ್ಮವರು ಅದರ ಮೇಲೆ ರಂಪಣಿ ಹಗ್ಗವನ್ನು ಏಳು ಸುತ್ತು ಸುತ್ತಿ, ಜಗ್ಗಿದಷ್ಟೂ ಬಿಗಿಯುವ ಗಂಟು ಹಾಕಿದರು. ಮೋಡದ ವಿದ್ಯುತ್ತು ಇಳಿದೀತೆಂದು ಕಮಾಂಡರ್ ತಾಮ್ರದ ಪಟ್ಟಿಯಿಂದ ಹಗ್ಗವನ್ನು ನೆಲಕ್ಕೆ ಜೋಡಿಸಿದರು. ದಡದುದ್ದಕ್ಕೂ ನೂರು ಮೀಟರ್ ಎಳೆಯುವುದು, ಕಂಬಕ್ಕೆ ಸುತ್ತಿ ನಿಲ್ಲಿಸುವುದು, ಗಂಟು ಬಿಚ್ಚಿ ಮತ್ತೆ ಮುಂದೆ ಕಟ್ಟುವುದು. ಮೂರು ಕಿಲೋಮೀಟರಿಗೆ ಮೂವತ್ತು ಎಳೆತ.

ಕಮಾಂಡರ್ ಎಣಿಸಲು ಬಾಯಿ ತೆರೆದರು. ಅಮ್ಮ ಕೈ ಎತ್ತಿ ತಡೆದಳು. ಕೈರಂಪಣಿಯಲ್ಲಿ ಎಣಿಕೆ ಇಲ್ಲ. ಅಲೆ ದಡಕ್ಕೆ ಬರುವಾಗ ಬಲೆ ಸಡಿಲವಾಗುತ್ತದೆ, ಆಗ ಎಳೆಯಬೇಕು. ಅಲೆ ಹಿಂದೆ ಹೋಗುವಾಗ ಬರಿದೇ ಹಿಡಿದು ನಿಲ್ಲಬೇಕು. ಆಗ ಎಳೆದವರ ಕೈ ಹೋಗುತ್ತದೆ, ಹಗ್ಗವೂ ಹೋಗುತ್ತದೆ. ಸಿಬ್ಬಂದಿ ಮಾಡಿದ್ದು ಅದನ್ನೇ, ಗಾಳಿಯ ಹೊಡೆತದಲ್ಲೇ ಜಗ್ಗಿದ್ದರು. ಅಮ್ಮ ಒಂದು ಅಂಗೈಯನ್ನು ಬಿಗಿದ ಹಗ್ಗದ ಮೇಲೆ ಇಟ್ಟುಕೊಂಡಳು. ಗಾಳಿ ಹೊಡೆದಾಗ ಹಗ್ಗ ಗುಂಯ್ ಎನ್ನುತ್ತಿತ್ತು, ಇಳಿದಾಗ ಸುಮ್ಮನಾಗುತ್ತಿತ್ತು.

"ಹಿಡ್ಕಣಿ," ಎಂದಳು. ಎಲ್ಲರೂ ಹಿಡಿದು ನಿಂತರು. ಹಗ್ಗ ಸುಮ್ಮನಾಯಿತು. "ಈಗ ಎಳಿ."

ಐಸಾ ಎಂಬ ಕೂಗು ಎದ್ದಿತು. ಹಗ್ಗ ಬಂತು.

ಆರನೆಯ ಎಳೆತದ ಹೊತ್ತಿಗೆ ಸಿಬ್ಬಂದಿಯೂ ಸಾಲಿನಲ್ಲಿ ಸೇರಿದರು. ಒಂಬತ್ತನೆಯದರಲ್ಲಿ ಕಮಾಂಡರ್ ಟೊಪ್ಪಿ ತೆಗೆದಿಟ್ಟು ಮಂಜಯ್ಯನ ಹಿಂದೆ ನಿಂತರು. ಪರದೆ ನೋಡುವ ಕೆಲಸ ಇಲ್ಲದ್ದರಿಂದ ನಾನು ಅವರ ಹಿಂದೆ. ಇಪ್ಪತ್ತೆರಡನೆಯ ಎಳೆತದಲ್ಲಿ ಕಂಬದ ಸುತ್ತು ಜಾರಿ ಎಲ್ಲರೂ ಮರಳಿನ ಮೇಲೆ ಮಗುಚಿದೆವು, ಎರಡು ಎಳೆತದಷ್ಟು ಹಗ್ಗ ವಾಪಸ್ಸು ಹೋಯಿತು. ಮುಗಿಯಿತು ಎಂದುಕೊಂಡೆ. ಕಮಾಂಡರರ ಬಾಯಿಂದ ಕೀಲಿ ಎಂಬ ಮಾತು ಹೊರಟಿತ್ತು. ಅಷ್ಟರಲ್ಲಿ ಅಮ್ಮ ಅಂಗೈ ಮತ್ತೆ ಹಗ್ಗದ ಮೇಲೆ ಇಟ್ಟು ಹಿಡ್ಕಣಿ ಎಂದಳು. ಅವರು ಮಾತು ನುಂಗಿ ಹಿಡಿದುಕೊಂಡರು.

ಐದು ಗಂಟೆ ನಲವತ್ತು ನಿಮಿಷಕ್ಕೆ ಬಲೂನು ತನ್ನ ತೊಟ್ಟಿಲಿನ ಮೇಲೆ ಕುಳಿತಿತು. ಕೊಂಡಿಗಳನ್ನು ಹಾಕಿ ಬಿಗಿಯುವುದಕ್ಕೂ ಆಕಾಶ ಕಪ್ಪಾಗುವುದಕ್ಕೂ ಸರಿಹೋಯಿತು. ಹತ್ತಿರದಿಂದ ನೋಡಿದರೆ ಅದು ಬಂಗುಡೆಯ ಹಾಗೆ ಏನೂ ಇರಲಿಲ್ಲ, ತೇಪೆ ಹಾಕಿದ ದೊಡ್ಡ ಚೀಲ, ಅಷ್ಟೇ. ಎಲ್ಲರೂ ಚಹಾ ಕುಡಿದು ಮನೆಗೆ ಹೋದರು. ನಿಮ್ಮ ಜನ ಏನನ್ನೂ ಕೇಳಲಿಲ್ಲ, ಎಂಥ ಜನ ಎಂದು ಕಮಾಂಡರ್ ನನ್ನ ಬಳಿ ಹೇಳಿದರು, ಅವರ ಕಣ್ಣು ತೇವವಾಗಿತ್ತು. ಪಾಲು ಹಂಚುವುದು ಮರುದಿನ ಬೆಳಿಗ್ಗೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಮರುದಿನ ಏಳು ಗಂಟೆಗೆ ಗೇಟಿನ ಮುಂದೆ ಅರವತ್ತನಾಲ್ಕು ಮಂದಿ ಖಾಲಿ ಬುಟ್ಟಿ ಹಿಡಿದು ಕುಳಿತಿದ್ದರು. ಯಾರೂ ಘೋಷಣೆ ಕೂಗಲಿಲ್ಲ. ಕಾವಲಿನವನು ಏನು ಬೇಕು ಎಂದದ್ದಕ್ಕೆ ಪಾಲು ಎಂದರಂತೆ. ಕಮಾಂಡರ್ ಎರಡೂ ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಬಂದರು. ಎಲ್ಲರಿಗೂ ಪ್ರಶಂಸಾಪತ್ರ ಕೊಡಿಸುತ್ತೇನೆ, ಭಾನುವಾರ ಊಟಕ್ಕೆ ಬನ್ನಿ ಎಂದರು. ಅಮ್ಮ ಎದ್ದು ನಿಂತಳು.

"ಬಲೆಗ್ ಬಿದ್ದದ್ರಲ್ಲ್ ಪಾಲು ಕೊಡುದ್ ಸಾಮಿ. ನಿಮ್ ಬಂಗ್ಡಿ ಹಿಡುದ್ ಎಂತ? ಕಾಂಬುದ್. ಕಂಡದ್ರಲ್ಲ್ ನಮ್ ಪಾಲ್ ಕೊಡಿ."

ಕಮಾಂಡರ್ ನನ್ನತ್ತ ನೋಡಿದರು. ನನಗೆ ಅಧಿಕಾರ ಇಲ್ಲಮ್ಮ ಎಂದರು. ಮೂರು ಸಲ ಬರೆದಿದ್ದೇನೆ, ನಾಲ್ಕನೆಯ ಸಲವೂ ಬರೆಯುತ್ತೇನೆ ಎಂದರು.

"ಒಳ್ಳೇದೆಲ್ಲ ನೀವೇ ಇಟ್ಕಣಿ," ಎಂದಳು ಅಮ್ಮ. "ನೀವ್ ಬಿಸಾಡುದನ್ನ ಕೊಟ್ರ್ ಸಾಕ್."

ಅವರು ಕೈ ಮುಗಿದು ಒಳಗೆ ಹೋದರು. ನಿಯಮ ಮುರಿಯಲು ಅವರಿಗೆ ಮನಸ್ಸು ಬರಲಿಲ್ಲ ಎಂದು ನಾನು ಅವರನ್ನು ದೂರುವುದಿಲ್ಲ. ಆದರೆ ಹಗ್ಗ ಮುಟ್ಟಿದವಳು ನಾನೂ ಹೌದಲ್ಲ? ನನ್ನ ಪಾಲಿಗೆ ಯಾರ ಅಪ್ಪಣೆ?

ಹೊಸ ಮೋಟಾರು ಬಂದು ಬಲೂನು ಮತ್ತೆ ಮೇಲೇರಿದ ದಿನ, ಬೆಳಗಿನ ಹತ್ತು ಗಂಟೆಗೆ, ಎಲ್ಲರೂ ನೋಡುತ್ತಿರುವಾಗಲೇ ನಾನು ಆ ಹನ್ನೊಂದು ಸಾಲು ಬರೆದೆ. ನಮ್ಮಲ್ಲಿ ಯಾವ ಬದಲಾವಣೆ ಮಾಡಿದರೂ ದಾಖಲೆ ಪುಸ್ತಕದಲ್ಲಿ ಹೆಸರು, ಸಮಯ, ಕಾರಣ ಬರೆಯಬೇಕು. ಹೆಸರು ಬರೆದೆ. ಸಮಯ ಬರೆದೆ. ಕಾರಣದ ಜಾಗದಲ್ಲಿ ಪಾಲು ಎಂದು ಬರೆದೆ. ಆಮೇಲೆ ತಂತಿಯ ಸುರುಳಿ ಹಿಡಿದು ಬಲೆಮನೆಗೆ ನಡೆದೆ.

ಸಂಜೆ ಕಮಾಂಡರ್ ಆ ಪುಸ್ತಕ ತರಿಸಿಕೊಂಡರು. ಹನ್ನೊಂದು ಸಾಲು ಅಳಿಸಲು ಅವರಿಗೆ ಒಂದು ನಿಮಿಷ ಸಾಕಿತ್ತು. ಅದರ ಬದಲು ನೋಡಿದ್ದೇನೆ ಎಂದು ಬರೆದು ಕೆಳಗೆ ಸಹಿ ಹಾಕಿದರು. ಅವರಿಗೂ ಈಗ ನೋಟಿಸ್ ಬಂದಿದೆ.

ಬಲೆಮನೆಯ ಹಳೆಯ ಟಿವಿಯ ಮುಂದೆ ಈಗ ಸಂಜೆಯ ಹೊತ್ತು ಅಮ್ಮ ಕುಳಿತುಕೊಳ್ಳುತ್ತಾಳೆ. ಬರೀ ಕಪ್ಪು ಪರದೆ, ಬಿಳಿ ಚುಕ್ಕೆಗಳು. ಮೊದಲ ದಿನ ಯಾವುದು ಯಾರ ದೋಣಿ ಎಂದು ಗೊತ್ತಾಗದೆ ಎಲ್ಲರೂ ನಕ್ಕರು. ವಾರದೊಳಗೆ ಚುಕ್ಕೆ ತಿರುಗುವ ರೀತಿ ನೋಡಿಯೇ ಇದು ಮಂಜಯ್ಯನದು, ಸೋಮಾರಿ, ಎಂದು ಹೇಳತೊಡಗಿದಳು. ಹತ್ತೊಂಬತ್ತನೆಯ ದಿನ, ಉಳಿದವೆಲ್ಲ ದಡಕ್ಕೆ ಮುಖ ಮಾಡಿದಾಗ ಒಂದು ಚುಕ್ಕೆ ಬಡಗಿಗೆ ಸರಿಯುತ್ತಿತ್ತು. ಅಮ್ಮ ಹತ್ತು ನಿಮಿಷ ನೋಡಿದಳು. ಎದ್ದು ಹೋಗಿ ಎರಡು ದೋಣಿ ಇಳಿಸಿದಳು. ಆ ಸೋಮಾರಿ ಮಂಜಯ್ಯನೂ ಅವನ ಇಬ್ಬರು ಜೊತೆಗಾರರೂ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದು ಗಂಜಿ ಉಂಡರು. ಪ್ರೊಪೆಲ್ಲರಿಗೆ ಬಲೆಯ ಚೂರು ಸಿಕ್ಕಿಕೊಂಡಿತ್ತು, ಅಷ್ಟೇ. ಅಪ್ಪನ ದೋಣಿಗೂ ಅಷ್ಟೇ ಆಗಿತ್ತೇನೋ.

ಅವತ್ತು ಮನೆಗೆ ಬಂದ ಅಮ್ಮ ಬಾಗಿಲಲ್ಲೇ ಕುಳಿತು ಅತ್ತಳು. ಅಪ್ಪ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು. ನಾನೂ ಪಕ್ಕದಲ್ಲಿ ಕುಳಿತು ಅತ್ತೆ.

ನೋಟಿಸಿನ ಐದನೆಯ ಪ್ರಶ್ನೆ: ಈ ಬದಲಾವಣೆಗೆ ಅಧಿಕಾರ ಕೊಟ್ಟವರು ಯಾರು? ಅದಕ್ಕೆ ಉತ್ತರವಾಗಿ ನಾನು ಹೆಸರುಗಳ ಪಟ್ಟಿ ಲಗತ್ತಿಸಿದ್ದೇನೆ. ಆ ದಿನ ಹಗ್ಗ ಮುಟ್ಟಿದವರು ಎಂಬತ್ತೆಂಟು ಮಂದಿ. ಊರಿನವರು ಅರವತ್ತನಾಲ್ಕು, ಸಿಬ್ಬಂದಿ ಇಪ್ಪತ್ತೆರಡು, ಮತ್ತೆ ನಾನು. ಎಂಬತ್ತೆಂಟನೆಯ ಹೆಸರನ್ನು ನಾನು ಬರೆದಿರಲಿಲ್ಲ. ಪಟ್ಟಿ ಕಳಿಸುವ ಮೊದಲು ಕಮಾಂಡರ್ ಬೆಳ್ಳಿಯಪ್ಪ ಅದನ್ನು ಓದಿ, ಪೆನ್ನು ಕೇಳಿ, ತಮ್ಮ ಕೈಯಿಂದಲೇ ಸೇರಿಸಿದರು. ಅಂಗೈಯ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲವಾದ್ದರಿಂದ ಅಕ್ಷರ ಸ್ವಲ್ಪ ಸೊಟ್ಟಗಿದೆ.

ನನ್ನನ್ನು ಕೆಲಸದಿಂದ ತೆಗೆಯಬಹುದು, ತೆಗೆಯಲಿ. ಆ ತಂತಿ ಕೀಳಲು ಯಾರಾದರೂ ಬರುವುದಿದ್ದರೆ ಸಂಜೆ ನಾಲ್ಕರ ನಂತರ ಬರಬೇಕು. ತಂತಿಯ ಇನ್ನೊಂದು ತುದಿ ಬಲೆಮನೆಯಲ್ಲಿದೆ, ಅಲ್ಲಿ ಅಮ್ಮ ಕುಳಿತಿರುತ್ತಾಳೆ. ಇವತ್ತು ಇಪ್ಪತ್ತಾರು ದೋಣಿ ಹೋಗಿವೆ. ಅಷ್ಟೂ ಬಂದು ಮುಟ್ಟುವವರೆಗೆ ಅವಳು ಅಲ್ಲಿಂದ ಏಳುವುದಿಲ್ಲ.